ಪೂರ್ವದ ಕಾಲುವೆ

ಕಳೆದ ತಿಂಗಳು ನಮ್ಮ ದೊಡ್ಡಪ್ಪನ ಮೊಮ್ಮಗಳು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದಳು. ಮೈಸೂರಿನ ವಿಜಯನಗರವನ್ನೂ ದಾಟಿ ಆಚೆ, ಈಚೆಗೆ ಎದ್ದ ಬಡಾವಣೆ. ಅಗ್ರಹಾರದಲ್ಲಿ ಆಟೋ ಹತ್ತಿ, ಸಬ್‌ಸ್ಟೇಷನ್ ಹತ್ತಿರ ಎಂದೆ. ಆಟೋದವನು ಕನ್ನಡಿಯಲ್ಲೇ ನನ್ನ ಮುಖ ನೋಡಿ, "ಯಾವ ಕಡೆ ಮೇಡಂ? ನೀರ್ ಕಾಲ್ವೆ ಕಡೀಕಾ, ಒಣ ಕಾಲ್ವೆ ಕಡೀಕಾ?" ಎಂದ.

ನಾನು ಸೀಟಿನ ಅಂಚಿಗೆ ಸರಿದೆ. "ಒಣ ಕಾಲುವೆ ಇನ್ನೂ ಇದೆಯೇನಪ್ಪಾ?"

"ಇರದೆ ಎಲ್ಲೋಗುತ್ತೆ? ಗಟ್ಟಿ ಕಾಂಕ್ರೀಟು. ಅದ್ರಲ್ಲಿ ಒಂದ್ ತೊಟ್ಟು ನೀರ್ ಹರಿದಿದ್ದು ಯಾರೂ ಕಂಡಿಲ್ಲ. ಯಾವನು ಕಟ್ಟಿಸಿದ್ನೋ ತಲೆ ಕೆಟ್ಟವ್ನು."

ಕೆಟ್ಟವನಲ್ಲಪ್ಪಾ, ಕೆಟ್ಟವಳು ಎಂದು ತಿದ್ದುವ ಧೈರ್ಯ ನನಗೆ ಬರಲಿಲ್ಲ.

ಇಳಿದ ಕೂಡಲೇ ಆ ವಾಸನೆ ಬಡಿಯಿತು. ಬೆಳಗಿನ ಜಡಿಮಳೆಗೆ ಒದ್ದೆಯಾದ ಜಲ್ಲಿ, ಅದರ ಮೇಲೆ ಬಿಸಿಯಾದ ಟ್ರಾನ್ಸ್‌ಫಾರ್ಮರಿನ ಎಣ್ಣೆ. ತಂತಿ ಬೇಲಿಯ ಒಳಗಿಂದ, ಕಿವಿಯ ಹತ್ತಿರ ಜೇನುನೊಣ ಸುತ್ತುವ ಹಾಗೆ ಒಂದು ಜುಂಯ್ ಎನ್ನುವ ಸದ್ದು. ಗೃಹಪ್ರವೇಶದ ಹೊಗೆ, ಗಂಧ, ಪಾಯಸ ಎಲ್ಲವೂ ಮರೆತುಹೋಗಿ ನಾನು ಆ ಬೇಲಿಯ ಪಕ್ಕ ನಿಂತುಬಿಟ್ಟೆ. ನನ್ನ ಬದುಕಿನಲ್ಲಿ ಒಂದೇ ಒಂದು ವರ್ಷ ಜನ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದ್ದರು. ಆ ವರ್ಷದ ವಾಸನೆ ಇದು.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆ ಎಂದು ಜನ ಹೆದರಿ, ಏನೂ ಆಗದೆ ಪೆಚ್ಚಾಗಿದ್ದ ಕಾಲ ಅದು. ನನಗಂತೂ ಆ ಹೆದರಿಕೆಯೂ ಇರಲಿಲ್ಲ, ಏಕೆಂದರೆ ನನ್ನ ಹತ್ತಿರ ಕಂಪ್ಯೂಟರೇ ಇರಲಿಲ್ಲ. ಅಗ್ರಹಾರದ ಒಂದು ಓಣಿಯಲ್ಲಿ, ವಿಭೂತಿ ರುದ್ರಾಕ್ಷಿ ಮಾರುವ ಅಂಗಡಿಯ ಪಕ್ಕದಲ್ಲಿ, ಎರಡು ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದೆ. ಒಂದು ಇಂಗ್ಲಿಷು, ಒಂದು ಕನ್ನಡ. ಅರ್ಜಿ, ಅಫಿಡವಿಟ್ಟು, ಮಠದ ಹಾಸ್ಟೆಲಿನ ನೋಟೀಸು, ಬಾಡಿಗೆ ಕರಾರು ಏನು ಬಂದರೂ ಟೈಪು ಮಾಡುತ್ತಿದ್ದೆ. ಕಚೇರಿಗಳವರು ಇಂಗ್ಲಿಷ್ ಕಾಗದ ತಂದು ಕನ್ನಡ ಮಾಡಿಕೊಡಿ ಅನ್ನುತ್ತಿದ್ದರು. ಅದರಲ್ಲಿ ನನಗೆ ಸ್ವಲ್ಪ ಹೆಸರಿತ್ತು, ಹೆಸರಿಗಿಂತ ಹೆಚ್ಚಾಗಿ ಜಂಬವಿತ್ತು.

ಆ ಜಂಬ ನಮ್ಮ ತಾತನಿಂದ ಬಂದದ್ದು. ತಾತ ಕ್ರಯಪತ್ರ, ವಿಭಾಗಪತ್ರ ಬರೆಯುತ್ತಿದ್ದವರು. ಜಗುಲಿಯ ಮೇಲೆ ಇಳಿಜಾರು ಮಣೆ ಹಾಕಿಕೊಂಡು, ಬರೆಯುತ್ತಾ ಬರೆಯುತ್ತಾ ಗಟ್ಟಿಯಾಗಿ ಹೇಳಿಕೊಳ್ಳುವುದು ಅವರ ರೂಢಿ. "ಚಕ್ಕುಬಂದಿ: ಪೂರ್ವಕ್ಕೆ ಸರ್ಕಾರಿ ಓಣಿ, ಪಶ್ಚಿಮಕ್ಕೆ ಚನ್ನಬಸಪ್ಪನವರ ಹಿತ್ತಲು..." ನಾಲ್ಕು ದಿಕ್ಕಿನ ಗಡಿ ಹೇಳುವ ಆ ರಾಗ ಕೇಳಿಕೊಂಡೇ ನಾನು ಬೆಳೆದೆ. ಪತ್ರ ಮುಗಿದ ಮೇಲೆ ಕೆಳಗೆ 'ಬಿಕ್ಕಲಂ' ಎಂದು ಬರೆದು ತಮ್ಮ ರುಜು ಹಾಕುತ್ತಿದ್ದರು. ಈ ಕಾಗದದಲ್ಲಿ ಲೇಖನಿ ಹಿಡಿದ ಕೈ ನನ್ನದು ಎಂದು ಅದರ ಅರ್ಥ. "ಬರೆದವನು ರುಜು ಹಾಕದ ಕಾಗದ ತಬ್ಬಲಿ ಕಣೇ," ಅನ್ನುತ್ತಿದ್ದರು. ನಾನು ಟೈಪು ಮಾಡಿದ ಕಾಗದಗಳಿಗೆ ಯಾರ ರುಜುವೂ ಬೇಕಿರಲಿಲ್ಲ. ಯಂತ್ರ ಬರೆದದ್ದಲ್ಲವೇ!

ಜನವರಿಯ ಚಳಿಯಲ್ಲಿ ಯೋಜನಾ ಕಚೇರಿಯಿಂದ ಒಂದು ದಪ್ಪ ಕಾಗದ ಬಂತು. ಕರಾವಳಿಯಲ್ಲಿ ಸಮುದ್ರದ ಮೇಲೆ ಒಂದು ಹಡಗು ನಿಲ್ಲಿಸುತ್ತಾರಂತೆ. ಹಡಗಿನ ಹೊಟ್ಟೆಯೊಳಗೇ ಎಣ್ಣೆ ಉರಿಸಿ ಕರೆಂಟು ಮಾಡುತ್ತಾರಂತೆ. ಆ ಕರೆಂಟು ತಂತಿಯ ಮೇಲೆ ಘಟ್ಟ ಹತ್ತಿ ಮೈಸೂರಿಗೆ ಬಂದು, ವಿಜಯನಗರದ ಆಚೆಯ ದಿಣ್ಣೆಯ ಮೇಲೆ ಇಳಿಯುತ್ತದಂತೆ. ಅಲ್ಲಿ ಒಂದು ಸಬ್‌ಸ್ಟೇಷನ್. ಕಟ್ಟುವುದಕ್ಕೆ ಅನುಮತಿ ಕೊಟ್ಟಾಗಿದೆ, ಆದರೆ ಷರತ್ತುಗಳ ಮೇಲೆ. ಆ ಷರತ್ತುಗಳನ್ನು ಕನ್ನಡಕ್ಕೆ ತರಬೇಕು.

ಕನ್ನಡಕ್ಕೆ ಯಾಕೆ ಬೇಕಾಯಿತು ಅನ್ನುವುದಕ್ಕೂ ಒಂದು ಕಥೆ. ವಿಜಯನಗರದ ಕೊನೆಯ ಸಾಲಿನ ಮನೆಗಳವರ ಸಂಘಕ್ಕೆ ನಂಜುಂಡಯ್ಯ ಮೇಷ್ಟ್ರು ಕಾರ್ಯದರ್ಶಿ. ನಿವೃತ್ತರಾಗಿದ್ದರೂ ಎದುರಿಗೆ ಬಂದವರನ್ನೆಲ್ಲ ನಕಲು ಹೊಡೆಯುವ ಹುಡುಗರ ಹಾಗೇ ನೋಡುತ್ತಿದ್ದರು. ಮೊದಲ ಸಭೆಯಲ್ಲೇ ಅವರು ಎದ್ದು, "ಇಂಗ್ಲಿಷಲ್ಲಿ ಏನಾದ್ರೂ ನುಸುಳಿಸಿಬಿಡ್ತೀರಿ ನೀವು. ಷರತ್ತು ಕನ್ನಡದಲ್ಲಿರಬೇಕು. ಎರಡಕ್ಕೂ ವ್ಯತ್ಯಾಸ ಬಂದ್ರೆ ಕನ್ನಡ ಪ್ರತಿಯೇ ಊರ್ಜಿತ ಅಂತ ಬರೆಸಿ," ಎಂದರಂತೆ. ಕಂಪನಿಯ ಪರವಾಗಿ ಊರವರ ಜೊತೆ ಮಾತಾಡಲು ಬಂದಿದ್ದವರು ಸದಾನಂದ ರಾಯರು ಎಂದು, ಕರಾವಳಿಯ ಕಡೆಯವರು. ಅವರು ಒಂದು ಕ್ಷಣವೂ ಯೋಚಿಸದೆ, "ಆಯ್ತು ಸರ್, ಹಾಗೇ ಆಗ್ಲಿ," ಎಂದುಬಿಟ್ಟರಂತೆ. ಅಷ್ಟು ಬೇಗ ಒಪ್ಪಿದ್ದರಿಂದ ಮೇಷ್ಟ್ರಿಗೆ ಮೂರು ದಿನ ನಿದ್ದೆ ಬರಲಿಲ್ಲ. "ಎಲ್ಲೋ ಮೋಸ ಐತೆ ರತ್ನಮ್ಮಾ," ಎಂದು ನನ್ನ ಅಂಗಡಿಗೇ ಬಂದು ಹೇಳಿದರು. "ಒಂದೊಂದು ಪದಾನೂ ತೂಗಿ ಹಾಕಿ. ನಿಮ್ಮ ತಾತನ ಮೊಮ್ಮಗಳು ನೀವು."

ತೂಗಿ ತೂಗಿಯೇ ಹಾಕಿದೆ. ಲಾರಿಗಳು ಶಾಲೆಯ ಹೊತ್ತಿನಲ್ಲಿ ಓಡಾಡಕೂಡದು. ಅಗೆದ ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಕೊನೆಯಲ್ಲಿ ಅಲ್ಲಿಗೇ ಹರಡತಕ್ಕದ್ದು. ಕಡಿದ ಪ್ರತಿ ಹೊಂಗೆ ಮರಕ್ಕೆ ಬದಲು ಗಿಡ ನೆಟ್ಟು ಸಾಕತಕ್ಕದ್ದು. ಟ್ರಾನ್ಸ್‌ಫಾರ್ಮರಿನ ಎಣ್ಣೆ ಸೋರಿದರೆ ನೆಲಕ್ಕಿಳಿಯದಂತೆ ಕೆಳಗೆ ತೊಟ್ಟಿ ಕಟ್ಟತಕ್ಕದ್ದು. ಅಕ್ಕಪಕ್ಕದ ಬಾವಿ ಬೆಳೆಗಳಿಗೆ ಹಾನಿಯಾದರೆ ಕಂಪನಿಯೇ ಸರಿಪಡಿಸತಕ್ಕದ್ದು. ಆ 'ತಕ್ಕದ್ದು' ಅನ್ನುವುದನ್ನು ಹೊಡೆಯುವಾಗ ನನ್ನ ಬೆರಳಿಗೆ ಎಂಥ ಅಧಿಕಾರ ಬರುತ್ತಿತ್ತು ಗೊತ್ತೇ! ಸಮುದ್ರದ ಮೇಲಿನ ಹಡಗನ್ನು ಅಗ್ರಹಾರದ ಓಣಿಯಿಂದ ಹಗ್ಗ ಹಾಕಿ ಹಿಡಿದ ಹಾಗೆ.

ಒಂಬತ್ತನೆಯ ಷರತ್ತು ಹೀಗಿತ್ತು: ದಿಣ್ಣೆಯ ಮಣ್ಣು ಅಗೆಯುವ ಮೊದಲೇ ಜಾಗದ ಅಂಚಿನಲ್ಲಿ ಮಳೆನೀರಿನ ಕಾಲುವೆ ಆಗಿರಬೇಕು. ಮೊದಲು ಕಾಲುವೆ, ಆಮೇಲೆ ಕೆಲಸ. ಯಾವ ಅಂಚು ಎಂದು ಇಂಗ್ಲಿಷಿನಲ್ಲಿ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ದಿಣ್ಣೆ ಇಳಿಯುವುದು ಒಂದೇ ಕಡೆಗೆ, ಪಶ್ಚಿಮಕ್ಕೆ. 'ಮೊದಲು' ಅನ್ನುವ ಪದ ನನಗೆ ಯಾಕೋ ಬೀದಿಯ ಮಾತಿನ ಹಾಗೆ ಕಂಡಿತು. ತಾತನ ಜಗುಲಿಯ ಗತ್ತು ಬರಲಿ ಎಂದು ಹೀಗೆ ಹೊಡೆದೆ: "ಕಾಮಗಾರಿಯ ಪೂರ್ವದಲ್ಲಿ, ಜಾಗದ ಅಂಚಿನಲ್ಲಿ ಮಳೆನೀರಿನ ಕಾಲುವೆಯನ್ನು ನಿರ್ಮಿಸತಕ್ಕದ್ದು." ಓದಿ ನೋಡಿಕೊಂಡೆ. ಗತ್ತು ಬಂದಿತ್ತು.

ಫೆಬ್ರವರಿಯಲ್ಲಿ ದಿಣ್ಣೆಯ ಕೆಳಗಿನ ಹಳ್ಳಿಯ ಶಾಲೆಯಲ್ಲಿ ಎರಡನೆಯ ಸಭೆ. ಕರಡು ಓದಿ ಹೇಳಲು ನನ್ನನ್ನೇ ಕರೆದಿದ್ದರು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಿಸಿಕೊಂಡು ಕೂತಿದ್ದರು. ಮುಂದಿನ ಬೆಂಚಿನಲ್ಲಿ ಒಬ್ಬಳು ಹೆಂಗಸು, ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು, ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದಳು. ಜವರಮ್ಮ. ದಿಣ್ಣೆಗೆ ಪಶ್ಚಿಮದಲ್ಲಿ, ಸರಿಯಾಗಿ ಅದರ ಬುಡದಲ್ಲಿ, ಅವಳ ಸೊಪ್ಪಿನ ಮಡಿಗಳಿದ್ದವು. ಕೀರೆ, ಪಾಲಕ್ಕು, ಕೊತ್ತಂಬರಿ, ಸಬ್ಬಸಿಗೆ. ಬೆಳಗಾದರೆ ಮಂಕರಿ ಹೊತ್ತು ಮಂಡಿ ಮೊಹಲ್ಲಾಕ್ಕೆ ಹೋಗಿ ಮಾರಿ ಬರುತ್ತಿದ್ದಳು. ಮಡಿಗಳ ನಡುವೆ ಒಂದು ಕಲ್ಲು ಕಟ್ಟಿದ ಬಾವಿ. ಸುತ್ತಲಿನ ಬೋರುಗಳಲ್ಲೆಲ್ಲ ಗಡಸು ನೀರು ಬಂದರೂ ಆ ಬಾವಿಯದು ಸೀನೀರು. ಹಳ್ಳಿಯ ಅರ್ಧ ಜನ ಕುಡಿಯುವುದಕ್ಕೆ ಅಲ್ಲಿಂದಲೇ ಒಯ್ಯುತ್ತಿದ್ದರು.

ನಾನು ತಲೆಬರಹ ಓದಿದೆ: "ಸಮುದ್ರದ ಮೇಲಿನ ವಿದ್ಯುತ್ ಯೋಜನೆಯ ದಡದ ಮೇಲಿನ ಕಾಮಗಾರಿಗಳು."

"ತಡಿಯವ್ವ," ಎಂದಳು ಜವರಮ್ಮ. "ದಡ ಅಂದ್ರೆ ಯಾವ್ ದಡ? ನಮ್ ಕೆರೆ ದಡಾನಾ? ಕೆರೆ ಮುಚ್ತಾರಾ ಅಂಗಾರೆ?"

ಕೆರೆ ಅಂದದ್ದೇ ತಡ, ಹಿಂದಿನ ಬೆಂಚುಗಳಲ್ಲಿ ಗಲಾಟೆ ಎದ್ದಿತು. ಸಮುದ್ರದ ದಡವಮ್ಮಾ, ಹಡಗಿನಲ್ಲಿ ಇಲ್ಲದ ಕೆಲಸವೆಲ್ಲ ಅವರ ಕಾಗದದಲ್ಲಿ ದಡದ ಕೆಲಸವೇ ಎಂದು ನಾನು ಕೂಗಿ ಹೇಳಬೇಕಾಯಿತು.

"ಅಂಗಾರೆ ನಾವೆಲ್ಲ ಸಮುದ್ರದ್ ದಡದ್ ಮೇಲೆ ಕುಂತಿದೀವಿ ಅನ್ನು," ಎಂದಳು ಅವಳು. "ಮುಳುಗೋರು ಯಾರು ಅಂತ ಮುಂದ್ಕೆ ಗೊತ್ತಾಯ್ತದೆ ಬುಡು."

ಜನ ಗೊಳ್ಳೆಂದರು. ಅವಳು ನಗಲಿಲ್ಲ. ನಾನು ಒಂದೊಂದೇ ಷರತ್ತು ಓದುತ್ತಾ ಹೋದೆ. ಒಂಬತ್ತಕ್ಕೆ ಬಂದಾಗ ಮತ್ತೆ ಕೈ ಎತ್ತಿದಳು.

"ಪೂರ್ವ ಅಂದ್ರೆ ಮೂಡ್ಲು ಕಡೆ ಅಲ್ವೇನವ್ವ? ನಮ್ ಜಮೀನ್ ಪತ್ರದಲ್ಲಿ ಅಂಗೇ ಬರ್ದವ್ರೆ. ಮೂಡ್ಲಲ್ಲಿ ಬರೀ ಬಂಡೆ. ಅಲ್ಯಾಕೆ ಕಾಲ್ವೆ?"

ನನಗೆ ನಗು ಬಂತು. ಓದು ಬರದವಳು ನನಗೆ ಪದದ ಅರ್ಥ ಕೇಳುತ್ತಾಳಲ್ಲ ಅನ್ನುವ ನಗು. "ಅಯ್ಯೋ ಅದಲ್ಲಮ್ಮಾ, ಇಲ್ಲಿ ಪೂರ್ವದಲ್ಲಿ ಅಂದ್ರೆ ಮೊದಲು ಅಂತ. ಇದು ಕಾಗದದ ಭಾಷೆ," ಎಂದೆ. ಮೇಷ್ಟ್ರು ನಕ್ಕರು. ಹಿಂದಿನ ಬೆಂಚಿನವರು ನಕ್ಕರು. ಜವರಮ್ಮ ಸೆರಗು ಎಳೆದುಕೊಂಡಳು. ಬಾಗಿಲ ಹತ್ತಿರ ಚಹಾದ ಲೋಟ ಹಿಡಿದು ನಿಂತಿದ್ದ ಸದಾನಂದ ರಾಯರೂ ನಕ್ಕರು. ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಕ್ಕರು. ಅದು ನನಗೆ ಆಗ ಕಂಡಿತ್ತು, ಅದಕ್ಕೊಂದು ಅರ್ಥ ಕಂಡಿರಲಿಲ್ಲ.

ಎರಡು ದಿನ ಬಿಟ್ಟು ರಾಯರು ನನ್ನ ಅಂಗಡಿಗೆ ಬಂದರು. ಕೊನೆಯ ಪ್ರತಿ ಹೊಡೆಯಲು ನಾನು ನಾಲ್ಕು ಹಾಳೆಗೆ ಕಾರ್ಬನ್ ಜೋಡಿಸುತ್ತಿದ್ದೆ. ಕರಡನ್ನು ಕೈಗೆ ತೆಗೆದುಕೊಂಡು, ಬಾಗಿಲ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. "ಎಂಥ ಕನ್ನಡ ಮೇಡಂ ನಿಮ್ದು! ಗಟ್ಟಿ ಕನ್ನಡ. ಈಗಿನವ್ರಿಗೆ ಇದೆಲ್ಲ ಎಲ್ಲುಂಟು? ಒಂದಕ್ಷರ ಬದಲು ಮಾಡ್ಬೇಡಿ ಮಾರಾಯ್ರೆ, ಹೀಗೇ ಇರ್ಲಿ."

ನನ್ನ ಕಿವಿ ಬಿಸಿಯಾಯಿತು. ಹೊಗಳಿಕೆಗೆ ನಾನು ಯಾವಾಗಲೂ ಸ್ವಲ್ಪ ಅಗ್ಗ. ಅಕ್ಷರ ಬದಲಿಸದೆ ಹೊಡೆದು ಕೊಟ್ಟೆ.

ಮಾರ್ಚಿನಲ್ಲಿ ಬಿಸಿಲು ಏರಿತು. ಕಾಮಗಾರಿ ಶುರುವಾಯಿತು ಎಂದು ಮೇಷ್ಟ್ರು ಬಂದು ವರದಿ ಕೊಟ್ಟರು. ದಿನಾ ಸಂಜೆ ವಾಕಿಂಗ್ ಹೋಗಿ ಬೇಲಿಯ ಹೊರಗೆ ನಿಂತು ನೋಡಿ, ಬಂದು ನನಗೆ ಹೇಳುವುದು ಅವರ ಕೆಲಸವಾಯಿತು. ಲಾರಿಗಳು ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ನಿಲ್ಲುತ್ತವೆ. ಹೊಂಗೆ ಮರಗಳಿಗೆ ಸುಣ್ಣದಲ್ಲಿ ನಂಬರು ಬರೆದಿದ್ದಾರೆ. ಮೇಲ್ಮಣ್ಣಿನ ರಾಶಿಗೆ ಬೇರೆ ಜಾಗ ಗುರುತಿಸಿದ್ದಾರೆ. "ಎಲ್ಲಾ ಷರತ್ತೂ ಪಾಲಿಸ್ತಿದಾರೆ ರತ್ನಮ್ಮಾ. ಅದೇ ನಂಗೆ ಸರಿ ಕಾಣ್ತಿಲ್ಲ. ಇಷ್ಟೊಂದು ಪಾಲಿಸೋರು ಯಾರು ಹೇಳಿ?" ಕಾಲುವೆಯನ್ನೂ ಕಟ್ಟುತ್ತಿದ್ದರು. ರಸ್ತೆಯ ಕಡೆಗೆ, ಮೇಲ್ಗಡೆ, ಬಂಡೆ ಸೀಳಿ ಕಾಂಕ್ರೀಟು ಹಾಕಿ. ಅಲ್ಲಿಂದ ಶುರು ಮಾಡಿ ಸುತ್ತ ತರುತ್ತಾರೆ ಎಂದು ಮೇಷ್ಟ್ರು ತಿಳಿದರು. ನಾನೂ ಹಾಗೇ ತಿಳಿದೆ.

ಏಪ್ರಿಲಿನಲ್ಲಿ ಕಾಲುವೆ ಮುಗಿಯಿತು. ಕಟ್ಟಿದ್ದಷ್ಟೇ ಕಟ್ಟಿದ್ದು, ಪೂರ್ವದ ಒಂದು ಬದಿ. ಮಾರನೆಯ ವಾರ ದಿಣ್ಣೆಯ ನೆತ್ತಿಯನ್ನು ಯಂತ್ರಗಳು ಕೆರೆಯಲು ಶುರು ಮಾಡಿದವು. ಪಶ್ಚಿಮದಲ್ಲಿ, ಜವರಮ್ಮನ ಬಾವಿಯ ಕಡೆಗೆ, ಬಿರಿದ ಕೆಂಪುಮಣ್ಣು ಬಿಟ್ಟರೆ ಏನೂ ಇರಲಿಲ್ಲ.

ಮೈಸೂರಿನ ಮೇ ತಿಂಗಳ ಮಳೆ ನಿಮಗೆ ಗೊತ್ತಲ್ಲ. ಮಧ್ಯಾಹ್ನದವರೆಗೂ ಹೆಂಚು ಕಾಯುತ್ತದೆ. ಮೂರು ಗಂಟೆಗೆ ಚಾಮುಂಡಿ ಬೆಟ್ಟದ ಹಿಂದೆ ಆಕಾಶ ಕಪ್ಪಾಗುತ್ತದೆ, ನಾಲ್ಕಕ್ಕೆ ಆನೆಕಲ್ಲು ಬೀಳುತ್ತದೆ, ಐದಕ್ಕೆ ಏನೂ ಆಗಿಲ್ಲವೆಂಬಂತೆ ಬಿಸಿಲು. ಆ ಒಂದು ಗಂಟೆಯ ಮಳೆ ದಿಣ್ಣೆಯ ಮೈ ತೊಳೆದುಕೊಂಡು ಕೆಳಗಿಳಿಯಿತು. ಪೂರ್ವದ ಹೊಸ ಕಾಲುವೆಯಲ್ಲಿ ಒಂದು ಹನಿ ಹರಿಯಲಿಲ್ಲ. ಜವರಮ್ಮನ ಮಡಿಗಳ ಮೇಲೆ ಮೊಣಕಾಲುದ್ದ ಕೆಸರು ಕೂತಿತು. ಬಾವಿಯ ಕಟ್ಟೆ ಹತ್ತಿ ಕೆಂಪು ನೀರು ಒಳಗಿಳಿಯಿತು. ಅದರ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ತೇಲುತ್ತಿತ್ತಂತೆ, ಯಂತ್ರಗಳಿಂದ ಸೋರಿದ್ದೋ ಏನೋ.

ಮಾರನೆಯ ಬೆಳಿಗ್ಗೆ ಜವರಮ್ಮ ನನ್ನ ಅಂಗಡಿಗೆ ಬಂದಳು. ಮಂಡಿ ಮೊಹಲ್ಲಾಕ್ಕೆ ಹೋಗುವ ಹೊತ್ತು, ಆದರೆ ಮಂಕರಿ ಇರಲಿಲ್ಲ. ಹಿಂದೆ ಮೇಷ್ಟ್ರು. ಅವಳು ಸೆರಗಿನಿಂದ ಒಂದು ಗಾಜಿನ ಬಾಟಲಿ ತೆಗೆದು ಟೈಪ್‌ರೈಟರಿನ ಪಕ್ಕ ಇಟ್ಟಳು. ಒಳಗೆ ಇಟ್ಟಿಗೆ ಬಣ್ಣದ ನೀರು.

"ನೋಡವ್ವ ಟೈಪಮ್ಮ. ಇದು ನಿನ್ ಪೂರ್ವ."

ನಾನು ಏನು ಎಂದು ಕೇಳುವುದಕ್ಕೆ ಮೊದಲೇ ಮೇಷ್ಟ್ರು ಹೇಳಿದರು. ಸೈಟಿನಲ್ಲಿ ಹೋಗಿ ಕೇಳಿದ್ದಕ್ಕೆ ಷರತ್ತಿನ ಪ್ರತಿ ತೋರಿಸಿದರಂತೆ. ಕಾಮಗಾರಿಯ ಪೂರ್ವದಲ್ಲಿ ಕಾಲುವೆ ಕಟ್ಟತಕ್ಕದ್ದು, ಕಟ್ಟಿದ್ದೇವೆ, ದಿಕ್ಸೂಚಿ ಇಟ್ಟು ಬೇಕಾದರೆ ನೋಡಿಕೊಳ್ಳಿ, ಅಂದರಂತೆ.

"ಅವತ್ತು ನಾನು ಕೇಳ್ದೆ," ಎಂದಳು ಜವರಮ್ಮ. "ಎಲ್ರೂ ನಕ್ರಿ. ನೀನೂ ನಕ್ಕೆ. ಇವಾಗ ಯೋಳು, ನಿಂಗೆ ಅವ್ರು ಏನ್ ಕೊಟ್ರು?"

"ಜವರಮ್ಮಾ! ಏನು ಮಾತು ಅಂತ ಆಡ್ತೀಯಾ?"

"ಆ ರಾಯ ನಿನ್ ಅಂಗ್ಡಿಗ್ ಬಂದಿದ್ದ ಅಲ್ವಾ? ಕಂಡೋರವ್ರೆ. ಯಾಕ್ ಬಂದಿದ್ದ?"

ಯಾಕೆ ಬಂದಿದ್ದರು? ಕನ್ನಡ ಹೊಗಳುವುದಕ್ಕೆ ಬಂದಿದ್ದರು ಎಂದರೆ ಯಾರು ನಂಬುತ್ತಾರೆ? ನನಗೇ ನಂಬಿಕೆ ಬರಲಿಲ್ಲ. ಮೇಷ್ಟ್ರ ಮುಖ ನೋಡಿದೆ. ನಕಲು ಹೊಡೆದು ಸಿಕ್ಕಿಬಿದ್ದ ಹುಡುಗಿಯನ್ನು ನೋಡುವ ಹಾಗೆ ನೋಡುತ್ತಿದ್ದರು. "ನಿಮ್ಮ ತಾತ ಇದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಉಪ್ಪುನೀರಿನ್ ಕರೆಂಟು ಬತ್ತದೆ ಅಂತ ನಮ್ ಸೀನೀರ್ ಕೆಡಿಸ್‌ಬುಟ್ರಲ್ಲವ್ವ," ಎಂದು ಹೇಳಿ ಜವರಮ್ಮ ಹೊರಟುಹೋದಳು. ಬಾಟಲಿ ಅಲ್ಲೇ ಉಳಿಯಿತು. ಸಂಜೆಯ ಹೊತ್ತಿಗೆ ಮಣ್ಣು ತಳಕ್ಕಿಳಿದು ಮೇಲೆ ನೀರು ತಿಳಿಯಾಯಿತು. ಆದರೆ ಮುಚ್ಚಳ ತೆಗೆದರೆ ಎಣ್ಣೆಯ ವಾಸನೆ.

ಆ ವಾರ ಓಣಿಯಲ್ಲಿ ನಾನು ನಡೆದರೆ ಬೆನ್ನ ಹಿಂದೆ ಮಾತು ನಿಲ್ಲುತ್ತಿತ್ತು. ಪಕ್ಕದ ವಿಭೂತಿ ಅಂಗಡಿಯವರು ಕೂಡ, "ಹೊಸ ಫ್ಯಾನ್ ಹಾಕ್ಸಿದೀರಲ್ಲ ಅಮ್ಮಾವ್ರೇ, ಚೆನ್ನಾಗಿದೆ," ಎಂದರು. ಆ ಫ್ಯಾನು ನನ್ನ ತಂಗಿ ಕೊಟ್ಟದ್ದು. ಅದನ್ನು ವಿವರಿಸಲು ಹೋಗಿ, ವಿವರಿಸುತ್ತಿದ್ದೇನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಮುಂಗಾರು ಹಿಡಿಯುವುದರೊಳಗೆ ಪಶ್ಚಿಮದಲ್ಲಿ ಕಾಲುವೆ ಆಗದಿದ್ದರೆ ಬಾವಿ ಮುಚ್ಚಿಯೇ ಹೋಗುತ್ತಿತ್ತು. ಮೇಷ್ಟ್ರು ಯೋಜನಾ ಕಚೇರಿಯಲ್ಲಿ ದೂರು ಕೊಟ್ಟರು. ಜೂನಿನ ಮೊದಲಲ್ಲಿ ಅಧಿಕಾರಿ ಎಲ್ಲರನ್ನೂ ಕರೆಸಿದರು. ಮೇಜಿನ ಒಂದು ಕಡೆ ರಾಯರು, ಇನ್ನೊಂದು ಕಡೆ ಮೇಷ್ಟ್ರು, ಜವರಮ್ಮ. ನನ್ನನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ಗೊತ್ತಾಗದೆ, ಕೊನೆಗೆ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿದರು.

"ಇಂಗ್ಲಿಷ್ ಪ್ರತಿಯಲ್ಲಿ ಮೊದಲು ಅಂತಲೇ ಇದೆ," ಎಂದರು ಅಧಿಕಾರಿ.

"ಉಂಟು ಸರ್. ಇಲ್ಲ ಅನ್ನುದಿಲ್ಲ ನಾನು," ಎಂದರು ರಾಯರು. "ಆದ್ರೆ ವ್ಯತ್ಯಾಸ ಬಂದ್ರೆ ಕನ್ನಡ ಪ್ರತಿಯೇ ಊರ್ಜಿತ ಅಂತ ಮೇಷ್ಟ್ರೇ ಬರೆಸಿದ್ದು. ನಾವು ಕನ್ನಡಕ್ಕೆ ಮರ್ಯಾದೆ ಕೊಟ್ಟದ್ದು ತಪ್ಪಾ?"

ಮೇಷ್ಟ್ರು ತಮ್ಮ ಪ್ರತಿಯಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿಕೊಂಡರು. ನಾನು ತಡೆಯಲಾರದೆ ಬಾಯಿ ಹಾಕಿದೆ. ತಾತನ ಚಕ್ಕುಬಂದಿ ನನ್ನ ನೆರವಿಗೆ ಬರುತ್ತದೆ ಎಂದು ರಾತ್ರಿಯೆಲ್ಲ ಯೋಚಿಸಿಟ್ಟಿದ್ದ ವಾದ. "ದಿಕ್ಕು ಹೇಳುವಾಗ ಪತ್ರದಲ್ಲಿ 'ಪೂರ್ವಕ್ಕೆ' ಅಂತ ಬರೀತಾರೆ ಸಾರ್. 'ಪೂರ್ವದಲ್ಲಿ' ಅಂದರೆ ಕಾಲ. ಮೊದಲು ಅಂತಲೇ ಅರ್ಥ."

ರಾಯರು ನನ್ನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ಮೇಡಂ, ಸೂರ್ಯ ಎಲ್ಲಿ ಹುಟ್ತಾನೆ ಅಂತ ನಿಮ್ಗೆ ಶಾಲೆಯಲ್ಲಿ ಕಲಿಸಿದ್ದು? ಪೂರ್ವಕ್ಕಾ, ಪೂರ್ವದಲ್ಲಾ?"

"ಪೂರ್ವದಲ್ಲಿ," ಎಂದೆ. ಜವರಮ್ಮ ನನ್ನನ್ನೇ ನೋಡುತ್ತಿದ್ದಳು, ಆವತ್ತು ಶಾಲೆಯಲ್ಲಿ ನೋಡಿದ ಹಾಗೇ, ಕಣ್ಣು ಮಿಟುಕಿಸದೆ.

"ಅವತ್ತು ಅಂಗಡಿಗೆ ಬಂದು ಒಂದಕ್ಷರ ಬದಲು ಮಾಡಬೇಡಿ ಅಂದ್ರಲ್ಲ," ಎಂದೆ ರಾಯರಿಗೆ. "ಅವಾಗಲೇ ನಿಮಗೆ ಗೊತ್ತಿತ್ತಾ?"

ಅವರು ಮುಂದಿದ್ದ ಪ್ರತಿಯನ್ನು ಮಡಿಸಿಟ್ಟರು. "ನಿಮ್ಮ ಕನ್ನಡ ಚಂದ ಉಂಟು ಅಂತ ಹೇಳಿದ್ದು ಮೇಡಂ. ಅದು ಈಗ್ಲೂ ಚಂದವೇ."

ಇಂದಿಗೂ ಆ ಉತ್ತರವನ್ನು ನಾನು ಎರಡು ಕಡೆಯಿಂದಲೂ ತಿರುಗಿಸಿ ನೋಡುತ್ತೇನೆ. ಎರಡು ಕಡೆಗೂ ಅರ್ಥ ಬರುತ್ತದೆ, ನನ್ನ ಒಂಬತ್ತನೆಯ ಷರತ್ತಿನ ಹಾಗೆ.

ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿ, ಒಂದೇ ದಾರಿ. ಭಾಷಾಂತರದಲ್ಲೇ ತಪ್ಪಾಗಿದೆ ಅಂತ ಬರೆದವರು ಲಿಖಿತ ಹೇಳಿಕೆ ಕೊಟ್ಟರೆ ಷರತ್ತು ತಿದ್ದಬಹುದು. ಆದರೆ ಅಮ್ಮಾ, ಯೋಚನೆ ಮಾಡಿ. ಹಾಗೆ ಬರೆದುಕೊಟ್ಟವರಿಗೆ ಮತ್ತೆ ಈ ಕಚೇರಿಯ ಕೆಲಸ ಕೊಡೋದು ನನಗೆ ಕಷ್ಟವಾಗತ್ತೆ."

ನನ್ನ ಅಂಗಡಿಯ ಅರ್ಧ ಅನ್ನ ಆ ಕಚೇರಿಯದು. ಅದಕ್ಕಿಂತ ಹೆಚ್ಚಾಗಿ, ತಾತನ ಮೊಮ್ಮಗಳಿಗೆ ಕನ್ನಡ ತಪ್ಪಿತು ಎಂದು ಸರ್ಕಾರಿ ಕಡತದಲ್ಲಿ ಕೂತುಬಿಡುತ್ತದೆ. ಲಂಚ ತಿಂದಳು ಅನ್ನುವುದು, ಕನ್ನಡ ಬರಲಿಲ್ಲ ಅನ್ನುವುದು, ಇವೆರಡರಲ್ಲಿ ಯಾವುದನ್ನು ಹೊರುವುದು ಸುಲಭ ಎಂದು ನಾನು ಆ ಕುರ್ಚಿಯಲ್ಲಿ ಕೂತು ನಿಜವಾಗಿ ತೂಗಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಿಟಕಿಯ ಹೊರಗೆ ಮೋಡ ಕಟ್ಟುತ್ತಿತ್ತು. ಜವರಮ್ಮ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

ಒಂದು ಹಾಳೆ ಕೇಳಿದೆ. ಟೈಪು ಮಾಡಲಿಲ್ಲ, ಕೈಯಲ್ಲೇ ಬರೆದೆ. "ಒಂಬತ್ತನೆಯ ಷರತ್ತಿನಲ್ಲಿ 'ಮೊದಲು' ಎಂದು ಬರೆಯಬೇಕಾದ ಕಡೆ ನಾನು 'ಪೂರ್ವದಲ್ಲಿ' ಎಂದು ಬರೆದೆ. ಓದಿ ಹೇಳಿದ ದಿನ ಜವರಮ್ಮ ಎಂಬುವರು ಇದನ್ನು ಕೇಳಿದರು. ನಾನು ಕಿವಿಗೊಡಲಿಲ್ಲ. ತಪ್ಪು ನನ್ನದು." ಕೆಳಗೆ ಹೆಸರು ಬರೆಯುವ ಮೊದಲು ಕೈ ತಾನಾಗಿಯೇ 'ಬಿಕ್ಕಲಂ' ಎಂದು ಬರೆಯಿತು. ಅಧಿಕಾರಿ ಅದೇನೆಂದು ಕೇಳಲಿಲ್ಲ. ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು. ಅವರು ತಲೆ ತಗ್ಗಿಸಿದರು.

"ಏನ್ ಬರ್ದವ್ಳೆ, ಓದಿ," ಎಂದಳು ಜವರಮ್ಮ, ಮೇಷ್ಟ್ರಿಗೆ.

ಅವರು ಓದಿದರು.

"ಇನ್ನೊಂದ್ಸಲ ಓದಿ," ಎಂದಳು. ಎರಡನೆಯ ಸಲ ಓದಿದ್ದನ್ನು ಅಧಿಕಾರಿಗೆ ಕೊಡಿಸಿ, ಅವರಿಂದ ಮೂರನೆಯ ಸಲ ಓದಿಸಿದಳು. ಇಬ್ಬರೂ ಓದಿದ್ದು ಒಂದೇ ಎಂದು ಖಾತ್ರಿಯಾದ ಮೇಲೆ, "ಊಂ," ಎಂದಳು. ಅಷ್ಟೇ.

ತಿದ್ದಿದ ಷರತ್ತಿನಲ್ಲಿ 'ಮೂಡಲು', 'ಪಡುವಲು' ಎಂದೇ ಬರೆದರು, ಜವರಮ್ಮ ಹೇಳಿದ ಹಾಗೆ. ಬರೆದದ್ದು ನಾನಲ್ಲ. ಕಂಪನಿ ಕೆಲಸ ನಿಲ್ಲಿಸಿ, ಪಡುವಲ ಅಂಚಿಗೆ ಮೊದಲು ಮರಳು ಚೀಲ ಪೇರಿಸಿ, ಆಷಾಢದ ಗಾಳಿಯಲ್ಲಿ ಕಾಲುವೆ ಕಟ್ಟಿತು. ಪಂಪು ಇಟ್ಟು ಬಾವಿ ಬರಿದು ಮಾಡಿ ಹೂಳು ಎತ್ತಿಸಿತು. ಮಡಿಗಳ ಮೇಲಿನ ಕೆಸರು ತೆಗೆಸಿತು. ರಾಯರು ದಿನಾ ನಿಂತು ಮಾಡಿಸಿದರಂತೆ, ಕೊಡೆ ಹಿಡಿದುಕೊಂಡು. ಒಳ್ಳೆಯವರೋ, ಒಳ್ಳೆಯವರ ಹಾಗೆ ನಡೆಯುವುದು ಅವರ ಕೆಲಸವೋ, ಮೇಷ್ಟ್ರು ಇಂದಿಗೂ ತೀರ್ಮಾನಿಸಿಲ್ಲ. ಪೂರ್ವದ ಕಾಲುವೆಯನ್ನು ಯಾರೂ ಒಡೆಯಲಿಲ್ಲ. ಒಡೆಯಿರಿ ಎಂದು ಯಾವ ಷರತ್ತೂ ಹೇಳಿರಲಿಲ್ಲವಲ್ಲ. ಹಡಗು ಕೂಡ ಕೆಲವು ವರ್ಷ ಇದ್ದು ಲಂಗರು ಎತ್ತಿಕೊಂಡು ಎಲ್ಲಿಗೋ ಹೋಯಿತು ಎಂದು ಕೇಳಿದ್ದೇನೆ. ಅದರ ಕರೆಂಟು ನಿಜವಾಗಿ ನಮ್ಮ ದಿಣ್ಣೆಯ ಮೇಲೆ ಇಳಿಯಿತೋ ಇಲ್ಲವೋ, ದೀಪ ನೋಡಿ ಹೇಳುವುದು ಹೇಗೆ?

ಶ್ರಾವಣದಲ್ಲಿ ಒಂದು ದಿನ ನಾನಾಗಿಯೇ ಜವರಮ್ಮನ ಮಡಿಗೆ ಹೋದೆ. ಯಾರೂ ಕರೆದಿರಲಿಲ್ಲ. ಪಡುವಲ ಕಾಲುವೆಯಲ್ಲಿ ನೀರು ಸದ್ದು ಮಾಡಿಕೊಂಡು ಹರಿಯುತ್ತಿತ್ತು. ಕೆಸರು ತೆಗೆದ ನೆಲದಲ್ಲಿ ಕೀರೆ ಎರಡೆಲೆ ಎತ್ತಿತ್ತು. ಬಾವಿಯ ಸುತ್ತ ಹಳ್ಳಿಯ ನಾಲ್ಕೈದು ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು. ಬಾವಿ ಊರಿ ಎರಡು ದಿನವಾಗಿದೆಯಂತೆ, ನೀರು ತಿಳಿಯಾಗಿದೆಯಂತೆ, ಆದರೆ ಇನ್ನೂ ಯಾರೂ ಕುಡಿದಿಲ್ಲ. ಎಣ್ಣೆಯ ಭಯ.

ಜವರಮ್ಮ ನನ್ನನ್ನು ನೋಡಿ ಎದ್ದಳು. ಬಾ ಅನ್ನಲಿಲ್ಲ. ಕೊಡಪಾನ ಇಳಿಸಿ ನೀರು ಸೇದಿದಳು. ಹಿತ್ತಾಳೆ ಚೊಂಬಿಗೆ ಬಗ್ಗಿಸಿ, ನನ್ನ ಮುಂದೆ ಹಿಡಿದಳು.

"ತಕ್ಕೊ ಟೈಪಮ್ಮ. ನಮ್ ಪೂರ್ವದಲ್ಲಿ ನೀನ್ ಕುಡಿ."

ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆವತ್ತು ಶಾಲೆಯಲ್ಲಿ ನಾನು ನಕ್ಕ ನಗು ಸುತ್ತಿ ಬಂದು ನನ್ನನ್ನು ಮುಟ್ಟಿತು. ಚೊಂಬು ತೆಗೆದುಕೊಂಡೆ. ಮೂಗಿನ ಹತ್ತಿರ ತಂದಾಗ, ನಿಜ ಹೇಳುತ್ತೇನೆ, ನನಗೂ ಅನುಮಾನ ಬಂತು. ವಾಸನೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ದಿಣ್ಣೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಒದ್ದೆ ಜಲ್ಲಿ, ಎಣ್ಣೆ. ಅದು ನೀರಿನದೋ ಗಾಳಿಯದೋ? ಜವರಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.

ಎತ್ತಿ ಕುಡಿದೆ. ತಣ್ಣಗಿತ್ತು. ಅರ್ಧ ಚೊಂಬು ಮುಗಿಸಿ ಉಸಿರು ಬಿಟ್ಟಾಗ ಅವಳು ಕೇಳಿದಳು, "ಎಂಗೈತೆ?"

"ಸೀ ಇದೆ," ಎಂದೆ.

"ಸೀ ಅಂದ್ರೆ ಸೀನೇ ತಾನೆ? ಇನ್ನೇನೂ ಅರ್ಥ ಇಲ್ವಲ್ಲ?"

"ಇಲ್ಲ ಕಣಮ್ಮ. ಒಂದೇ ಅರ್ಥ."

ಅವಳು ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡಳು. ಉಳಿದದ್ದನ್ನು ಚೆಲ್ಲುತ್ತಾಳೆ ಎಂದುಕೊಂಡೆ. ಉಳಿದ ಅರ್ಧವನ್ನು, ಹೆಂಗಸರೆಲ್ಲ ನೋಡುತ್ತಿದ್ದಂತೆ, ತಾನೇ ಎತ್ತಿ ಗಟಗಟ ಕುಡಿದುಬಿಟ್ಟಳು. ಆಮೇಲೆ ಕೊಡಗಳು ಒಂದೊಂದಾಗಿ ಬಾವಿಯ ಕಟ್ಟೆಗೆ ಬಂದವು.